ಐದನೇ ರೀಲು: ಎಡಮೂಲೆಯ ನಕ್ಷತ್ರ

"ಐದು ಗಂಟೆವರೆಗೆ ಕಾಯ್ತೀನಿ," ಎಂದರು ಚಿತ್ರ ಸಂಗ್ರಹಾಲಯದ ಅಧ್ಯಕ್ಷರು. "ಅಷ್ಟರೊಳಗೆ ರೀಲು ಬಂತೋ ಸರಿ. ಇಲ್ಲ ಅಂದ್ರೆ ಪೊಲೀಸರಿಗೆ ದೂರು ಕೊಡ್ತೀನಿ. ಅದರಲ್ಲಿ ನಿಮ್ಮ ಮಾವನ ಹೆಸರು ಬರೆಯದೆ ಬೇರೆ ದಾರಿ ಇಲ್ಲಮ್ಮ."

ಬೈಯಲಿಲ್ಲ, ದನಿ ಏರಿಸಲಿಲ್ಲ. ಮೇಜಿನ ಮೇಲಿದ್ದ ಚಿತ್ರದ ರೀಲುಗಳನ್ನು ಇನ್ನೊಮ್ಮೆ ಎಣಿಸಿದರು. ಎಣಿಸಿದಷ್ಟೂ ಆರೇ ಇದ್ದವು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಆಗ ಮಧ್ಯಾಹ್ನ ಎರಡೂ ಹತ್ತು.

ಚಿತ್ರ ಸಂಗ್ರಹಾಲಯದ ತಪಾಸಣೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಳೆಯ ಫಿಲ್ಮುಗಳನ್ನು ಅಡಿ ಅಡಿಯಾಗಿ ನೋಡಿ, ಹರಿದದ್ದನ್ನು ಅಂಟಿಸಿ, ಕೆಟ್ಟದ್ದನ್ನು ಚೀಟಿಯಲ್ಲಿ ಬರೆದಿಡುವ ಕೆಲಸ ಅವಳದು. ಕೊರಳಲ್ಲಿ ಸದಾ ಒಂದು ಪುಟ್ಟ ಭೂತಗನ್ನಡಿ ನೇತಾಡುತ್ತಿದ್ದುದರಿಂದ ಎಲ್ಲರೂ ಅವಳನ್ನು ಗನ್ನಡಿ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಈಗ ಹಾಜರಿ ಪುಸ್ತಕದಲ್ಲಿ ಹಾಗೆಂದು ಬರೆದರೂ ಬೇಡ ಎನ್ನದಷ್ಟು ಅವಳಿಗೂ ಅದು ಒಗ್ಗಿಹೋಗಿತ್ತು.

ಮುಚ್ಚಿಹೋದ ಥಿಯೇಟರಿನ ಪ್ರೊಜೆಕ್ಟರ್ ಕೋಣೆಯಿಂದ ಬಂದ 'ಮೆಟ್ಟಿಲ ದೀಪ' ಎಂಬ ಫ್ರೆಂಚ್ ಚಿತ್ರದ ಏಳು ಡಬ್ಬಗಳಲ್ಲಿ ಐದನೆಯದರೊಳಗೆ ಇದ್ದದ್ದು ಬರೀ ಸಾಬೂನಿನ ಜಾಹೀರಾತು. ಆ ಕೋಣೆಯ ಬೀಗದ ಕೈ ಇದ್ದದ್ದು ಅಲ್ಲಿ ಆಪರೇಟರ್ ಆಗಿದ್ದ ಅವಳ ಸೋದರಮಾವನ ಹತ್ತಿರ ಮಾತ್ರ.

ಮಾವನಿಗೆ ಎಪ್ಪತ್ತಾರು. ಗನ್ನಡಿಯನ್ನು ಎತ್ತಿ ಆಡಿಸಿ, ಓದಿಸಿ, ರೀಲು ಸುತ್ತುವುದನ್ನು ಕಲಿಸಿದವನೂ ಅವನೇ. "ನಿನ್ನಾಣೆ, ನಾನು ಮುಟ್ಟಿಲ್ಲ" ಎಂದಿದ್ದ. ಆಮೇಲೆ ನಾಲ್ಕು ದಿನದಿಂದ ತಟ್ಟೆಯಲ್ಲಿ ಹಾಕಿದ್ದರಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ. ನಲವತ್ತು ವರ್ಷ ಒಂದು ರೀಲೂ ಕಳೆದುಹೋಗದಂತೆ ದುಡಿದವನು ಈ ವಯಸ್ಸಿನಲ್ಲಿ ಕಳ್ಳ ಎನ್ನಿಸಿಕೊಂಡು ಠಾಣೆಯ ಬೆಂಚಿನ ಮೇಲೆ ಕೂರುವುದನ್ನು ಅವಳು ನೋಡಲಾರಳು.

ಇನ್ನು ನೋಡದೆ ಉಳಿದದ್ದು ಒಂದೇ ಕಡತ. ಮಾರನೆಯ ದಿನ ಸೇರಲಿದ್ದ ಹಳೆಯ ಚಿತ್ರಗಳ ಪುನರುದ್ಧಾರ ಸಮಿತಿಗೆಂದು ಹಿರಿಯ ವಿಮರ್ಶಕರೊಬ್ಬರು ಬರೆದುಕೊಟ್ಟ ಒಂಬತ್ತು ಪುಟಗಳ ಶಿಫಾರಸು. ತಲೆಬರಹ: ಮರೆತುಹೋದ ಐದು ಫ್ರೆಂಚ್ ಕಪ್ಪು ಚಿತ್ರಗಳು.

ಇಂಥ ಬರಹಗಳನ್ನು ಗನ್ನಡಿ ಸಾಮಾನ್ಯವಾಗಿ ಓದುತ್ತಿರಲಿಲ್ಲ. ಬರೆಯುವವರಿಗೆ ಫಿಲ್ಮು ಅಂದರೆ ತೆರೆಯ ಮೇಲಿನ ಬೆಳಕು, ಅವಳಿಗೆ ಅದು ಕೆಡುವಾಗ ಮೂಗಿಗೆ ಬಡಿಯುವ ಹುಳಿ ವಾಸನೆ. ಆದರೆ ಈ ಮನುಷ್ಯ ಚೆನ್ನಾಗಿ ಬರೆದಿದ್ದರು, ಒಪ್ಪಲೇಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷಗಳಲ್ಲಿ ಫ್ರೆಂಚರು ತೆಗೆದ, ಕಪ್ಪು ಚಿತ್ರಗಳೆಂದು ಕರೆಯುವ ಕತ್ತಲೆ ತುಂಬಿದ ಅಪರಾಧ ಚಿತ್ರಗಳಲ್ಲಿ ಹೆಸರಾದ ನಾಲ್ಕಾರಕ್ಕೆ ಹತ್ತು ವರ್ಷಕ್ಕೊಮ್ಮೆ ಸ್ನಾನ ಮಾಡಿಸಿ ಹೊಸ ಬಟ್ಟೆ ತೊಡಿಸುತ್ತಾರೆ, ಮಿಕ್ಕವನ್ನು ಗೋದಾಮಿನಲ್ಲಿ ಕೊಳೆಯಲು ಬಿಡುತ್ತಾರೆ ಎಂದು ಶುರು ಮಾಡಿದ್ದರು. ಸರಕು ದೋಣಿಯಲ್ಲಿ ಹೆಣ ಸಾಗಿಸುವ ಅಣ್ಣತಮ್ಮಂದಿರ ಚಿತ್ರ ಒಂದು. ಅದರ ಅರ್ಧ ಭಾಗಕ್ಕೆ ಶಬ್ದವೇ ಉಳಿದಿಲ್ಲ. ಇನ್ನೊಂದರಲ್ಲಿ ಟೈಪಿಸ್ಟ್ ಹೆಂಗಸೊಬ್ಬಳು ದಿನವೂ ಬೆದರಿಕೆ ಪತ್ರಗಳನ್ನು ಟೈಪು ಮಾಡಿಕೊಡುತ್ತಾಳೆ, ಒಂದು ದಿನ ಅವುಗಳಲ್ಲೊಂದು ಅವಳ ಮನೆ ವಿಳಾಸಕ್ಕೇ ಬರುತ್ತದೆ. ಅದಂತೂ ಎರಡೇ ಪ್ರತಿ ಉಳಿದಿದೆಯಂತೆ, ಎರಡರಲ್ಲೂ ಕೊನೆ ಇಲ್ಲ.

ಐದನೆಯ ಚಿತ್ರ 'ಮೆಟ್ಟಿಲ ದೀಪ.' ಆರು ಮಹಡಿಯ ಹಳೆಯ ವಠಾರ. ಗುಂಡಿ ಒತ್ತಿದರೆ ಮೆಟ್ಟಿಲಿನ ದೀಪ ಹತ್ತುತ್ತದೆ, ಎರಡು ನಿಮಿಷಕ್ಕೆ ತಾನಾಗಿ ಆರುತ್ತದೆ. ಬಾಡಿಗೆಗಿರುವವರಲ್ಲಿ ಒಬ್ಬ ಕೊಲೆಗಾರ. ಅವನು ಯಾರೆಂದು ವಠಾರದ ಕಾವಲುಗಾರನ ಹೆಂಡತಿಗೆ ಮಾತ್ರ ಗೊತ್ತಾಗುತ್ತದೆ, ಯಾಕೆಂದರೆ ದೀಪ ಹಾಕದೆ ಮೆಟ್ಟಿಲೆಣಿಸಿಕೊಂಡು ಹತ್ತುವವನು ಅವನೊಬ್ಬನೇ. ಐದನೇ ರೀಲಿನಲ್ಲಿ ಅವಳು ಮೆಟ್ಟಿಲ ಮೇಲೆ ಕೂತು, ದೀಪ ಆರಿದಾಗಲೆಲ್ಲ ಒತ್ತುತ್ತಾ, ಅವನಿಗಾಗಿ ಕಾಯುತ್ತಾಳೆ. ಸಂಗೀತವಿಲ್ಲ, ಮಾತಿಲ್ಲ. ಗನ್ನಡಿ ಚಿಕ್ಕಂದಿನಲ್ಲಿ ಇದನ್ನು ಮಾವನ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದ್ದಳು. ಬರಹ ಓದುತ್ತಿದ್ದಂತೆ ಮತ್ತೆ ಅದೇ ಭಯ ಬಂತು.

ವಿಮರ್ಶಕರು ಮುಂದುವರಿಸಿದ್ದರು: "ರೀಲಿನ ಕೊನೆಗೆ, ಮೆಟ್ಟಿಲಿನ ಎಡಮೇಲ್ಮೂಲೆಯ ಕಿಟಕಿಯಲ್ಲಿ ಒಂದೇ ಒಂದು ನಕ್ಷತ್ರ ಮಿಂಚಿ ಮಾಯವಾಗುತ್ತದೆ. ಏಳೆಂಟು ಎಣಿಸುವಷ್ಟರಲ್ಲಿ ಇನ್ನೊಮ್ಮೆ. ಆ ಹೆಂಗಸಿಗೆ ಇನ್ನು ಯಾವ ದಿಕ್ಕೂ ಇಲ್ಲವೆಂದು ಆಕಾಶವೇ ಹೇಳಿದಂತೆ. ಈ ಎರಡು ಮಿನುಗಿಗಾಗಿಯೇ ನಿರ್ದೇಶಕನಿಗೆ ಸಾಷ್ಟಾಂಗ ಹಾಕಬೇಕು."

ಗನ್ನಡಿ ಮೊದಲು ನಕ್ಕಳು. ಆಮೇಲೆ ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು.

ಆ ಕಾಲದ ಥಿಯೇಟರಿನಲ್ಲಿ ಎರಡು ಪ್ರೊಜೆಕ್ಟರ್ ಯಂತ್ರ. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ತೆರೆಯ ಮೂಲೆಯಲ್ಲಿ ಒಂದು ಗುರುತು ಮಿಂಚುತ್ತದೆ. ಕಂಡ ಕೂಡಲೇ ಆಪರೇಟರ್ ಎರಡನೇ ಯಂತ್ರ ಶುರು ಮಾಡಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಗುರುತು. ಆಗ ಚಿತ್ರವನ್ನು ಆ ಯಂತ್ರಕ್ಕೆ ದಾಟಿಸಬೇಕು. ನೋಡುವ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ.

ಗುರುತು ದುಂಡಗಿರುತ್ತದೆ, ಬಲಮೂಲೆಯಲ್ಲಿರುತ್ತದೆ. ಆದರೆ ಮಾವನ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನೋಡಿದರೆ ಕಂಬವೊಂದು ಅಡ್ಡ ಬಂದು ತೆರೆಯ ಬಲಮೂಲೆ ಕಾಣುತ್ತಲೇ ಇರಲಿಲ್ಲ. ಕಂಬ ಕೆಡವಿಸಿ ಎಂದು ಮಾಲೀಕರಿಗೆ ಹೇಳಿ ಹೇಳಿ ಸಾಕಾಗಿ, ಮಾವ ಗೋಣಿ ಹೊಲಿಯುವ ಸೂಜಿಯಿಂದ, ಕೊನೆಯದು ಬಿಟ್ಟು ಪ್ರತಿ ರೀಲಿನ ಬಾಲದಲ್ಲೂ ಎಡಮೂಲೆಯಲ್ಲಿ ನಾಲ್ಕು ಗೀಟು ಕೆರೆದು ತನ್ನದೇ ನಕ್ಷತ್ರ ಮಾಡಿಕೊಂಡಿದ್ದ. ಅವನು ಕೆರೆಯುವಾಗ ಗನ್ನಡಿ ಟಾರ್ಚು ಹಿಡಿದಿದ್ದಳು.

ಆಕಾಶವಂತೆ, ದಿಕ್ಕಂತೆ. ಆ ಆಕಾಶ ಮಾವನ ಅಂಗಿ ಜೇಬಿನ ಸೂಜಿಯ ತುದಿಯಲ್ಲಿತ್ತು.

ಆದರೂ ಊಹೆಯ ಮೇಲೆ ಹೆಜ್ಜೆ ಇಡುವವಳಲ್ಲ ಅವಳು. ನಾಲ್ಕನೇ ರೀಲನ್ನು ಸುತ್ತುಗಾಲಿಗೆ ಏರಿಸಿ, ಬಾಲದವರೆಗೆ ಸುತ್ತಿ, ಕೆಳಗಿನ ದೀಪ ಹಾಕಿ ಭೂತಗನ್ನಡಿ ಹಿಡಿದಳು. ಎಡಮೂಲೆಯಲ್ಲಿ ನಕ್ಷತ್ರ ಇತ್ತು. ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡಳು.

ಬರಹದ ಅಡಿಯಲ್ಲಿ ವಿಮರ್ಶಕರು ಈ ಚಿತ್ರವನ್ನು ನಲವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ನೋಡಿದ್ದಾಗಿ ಬರೆದಿದ್ದರು. ಅಲ್ಲಿನ ಪ್ರತಿಯಲ್ಲಿ ಮಾವನ ಸೂಜಿ ಆಡಿರಲು ಸಾಧ್ಯವೇ ಇಲ್ಲ. ನೋಡಿದ್ದು ಇದೇ ಪ್ರತಿಯನ್ನು, ಅದರಲ್ಲೂ ಕಾಣೆಯಾದ ಐದನೇ ರೀಲನ್ನು.

ಡಬ್ಬಗಳು ಹೊರಡುವ ಮುಂಚಿನ ವಾರ ಥಿಯೇಟರಿನ ಆ ಪ್ರೊಜೆಕ್ಟರ್ ಕೋಣೆಯೊಳಗೆ ಕಾಲಿಟ್ಟವರು ಮಾವನನ್ನು ಬಿಟ್ಟರೆ ಇಬ್ಬರೇ. ಒಬ್ಬ ವ್ಯಾನಿನ ಡ್ರೈವರು. ಅವನನ್ನು ಅವಳು ಮೊದಲ ದಿನವೇ ಕೈಬಿಟ್ಟಿದ್ದಳು, ರೀಲಿಗೆ ಪಂಕ್ಚರ್ ಆಗುತ್ತದೆಯೇ ಎಂದು ಕೇಳಿದವನು ಅವನು. ಇನ್ನೊಬ್ಬರು ಹಳೆಯ ಯಂತ್ರ ನೋಡುವ ನೆಪದಲ್ಲಿ ಬಂದಿದ್ದ ಇದೇ ವಿಮರ್ಶಕರು.

ನಾಲ್ಕು ದಿನದಿಂದ ಎದೆ ಮೇಲಿದ್ದ ಭಾರ ಇಳಿದ ಹಾಗಾಯಿತು. ಕೈಗವಸು ಬಿಚ್ಚಿ ಮೇಜಿನ ಮೇಲೆ ಎಸೆದು, ಎಂದೂ ಆಟೋ ಹತ್ತದವಳು ಆವತ್ತು ಆಟೋ ಹತ್ತಿದಳು.

ವಿಮರ್ಶಕರ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದವರು ಅವರೇ. ಎಪ್ಪತ್ತರ ಆಸುಪಾಸು, ಸ್ವೆಟರಿನ ಗುಂಡಿಗಳು ಒಂದೊಂದು ಕಾಜ ತಪ್ಪಿದ್ದವು. ಮೂರು ಕುರ್ಚಿಗಳ ಮೇಲೂ ಪತ್ರಿಕೆಗಳ ರಾಶಿ. ಒಂದನ್ನು ಖಾಲಿ ಮಾಡಿ ಅವಳನ್ನು ಕೂರಿಸಿ, ತಾವು ಕಿಟಕಿಯ ದಂಡೆಗೆ ಒರಗಿದರು. ಸಮಿತಿಯವರು ಏನೋ ವಿವರ ಕೇಳಲು ಕಳಿಸಿದ್ದಾರೆಂದುಕೊಂಡರೋ ಏನೋ, ಕೇಳುವ ಮುಂಚೆಯೇ ಶುರು ಮಾಡಿಕೊಂಡರು.

"ಈ ಸಿನಿಮಾ ಮಾಡಿದವರಿಗೆ ದೀಪಕ್ಕೂ ಗತಿ ಇರಲಿಲ್ಲಮ್ಮ. ಕತ್ತಲೆ ಪುಕ್ಕಟೆ ಸಿಗುತ್ತಲ್ಲ, ಅದನ್ನೇ ಬಳಸಿದ್ರು. ದೊಡ್ಡ ಹೆಸರಿನವರು ಕತ್ತಲೆಯನ್ನ ಅಂದಕ್ಕೆ ಅಂತ ಹಾಕ್ತಿದ್ರು. ಇವರಿಗೆ ಅದು ಬಿಟ್ಟು ಬೇರೆ ಇರಲಿಲ್ಲ. ಅದಕ್ಕೇ ಇದು ಉಳೀಬೇಕು ಅಂತೀನಿ ನಾನು."

ಹೇಳುತ್ತ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ನಾಟಕವೆನಿಸಲಿಲ್ಲ. ಕಳ್ಳನ ಮನೆಗೆ ಬಂದು ಕಳ್ಳನನ್ನೇ ಮೆಚ್ಚುವಂತಾಯಿತಲ್ಲ ಎಂದು ಗನ್ನಡಿಗೆ ತನ್ನ ಮೇಲೇ ಸಿಟ್ಟು ಬಂತು.

ಐದನೇ ರೀಲಿನ ಕೊನೆಯ ನಕ್ಷತ್ರದ ಬಗ್ಗೆ ಇನ್ನಷ್ಟು ಹೇಳಿ ಎಂದಳು. ಅವರು ಖುಷಿಯಿಂದಲೇ ಹೇಳಿದರು. ಇಡೀ ಚಿತ್ರದಲ್ಲಿ ಆಕಾಶ ಕಾಣುವುದು ಅದೊಂದೇ ಕಡೆ ಎಂದರು. ನಿರ್ದೇಶಕ ಆ ಬೆಳಕಿಗಾಗಿ ಎಷ್ಟು ದಿನ ಕಾದಿರಬೇಕೋ ಎಂದರು. ಅದರ ಬಗ್ಗೆಯೇ ಬೇರೆ ಲೇಖನ ಬರೆಯುತ್ತಿದ್ದಾರಂತೆ, ಹದಿನಾಲ್ಕು ಪುಟ ಆಗಿದೆಯಂತೆ.

ಗನ್ನಡಿ ಫೋನು ತೆಗೆದು ಅವರ ಕೈಗಿಟ್ಟಳು. "ಇದು ನಾಲ್ಕನೇ ರೀಲು, ಸರ್. ಬೀದಿಯಲ್ಲಿ ಹಗಲು ಹೊತ್ತಿನ ದೃಶ್ಯ. ಮೂಲೆ ನೋಡಿ."

ಅವರು ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತಂದರು.

"ನಕ್ಷತ್ರ," ಎಂದರು.

"ಹಗಲಲ್ಲಿ?"

ಅವರು ಫೋನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಮತ್ತೆ ನೋಡಿದರು.

"ಒಂದರಿಂದ ಆರರವರೆಗೆ ಎಲ್ಲಾ ರೀಲಲ್ಲೂ ಇರುತ್ತೆ, ಸರ್. ನಮ್ಮ ಮಾವ ಗೋಣಿ ಸೂಜೀಲಿ ಕೆರೆದದ್ದು. ರೀಲು ಬದಲಾಯಿಸೋ ಗುರುತು. ಫ್ರಾನ್ಸಿನ ಆಕಾಶದಲ್ಲಿ ಅದು ಕಾಣೋದಿಲ್ಲ."

ವಿಮರ್ಶಕರು ಫೋನನ್ನು ಹಿಂದಿರುಗಿಸಿದರು. ಮೇಜಿನ ಮೇಲಿದ್ದ ಹದಿನಾಲ್ಕು ಪುಟಗಳನ್ನು ನೋಡಿದರು, ಅವುಗಳ ಮೇಲೆ ಒಂದು ಪುಸ್ತಕ ಇಟ್ಟು ಮುಚ್ಚಿದರು. ಐವತ್ತು ವರ್ಷ ಸಿನಿಮಾ ಬಗ್ಗೆ ಬರೆದ ಮನುಷ್ಯ ಬೆಪ್ಪಾಗಿ ನಿಂತದ್ದನ್ನು ಕಂಡು ಗನ್ನಡಿಗೆ ಪಾಪ ಅನ್ನಿಸಿತು. ಆದರೆ ಗೋಡೆಯ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ರೀಲು ಎಲ್ಲಿದೆ ಎಂದು ನೇರವಾಗಿ ಕೇಳಿದಳು. ಐದು ಗಂಟೆಯ ದೂರಿನ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಈಗಲೇ ಕೊಟ್ಟರೆ ಡಬ್ಬ ಅದಲುಬದಲಾಗಿತ್ತೆಂದು ಚೀಟಿಯಲ್ಲಿ ಬರೆದು ಮುಗಿಸುತ್ತೇನೆ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಚೀಟಿಯಲ್ಲೂ ಅವಳು ಸುಳ್ಳು ಬರೆದಿರಲಿಲ್ಲ.

"ನನ್ನ ಹತ್ರ ಇಲ್ಲಮ್ಮ," ಎಂದರು ಅವರು. "ನೋಡಿದ್ದು ನಿಜ. ಫ್ರಾನ್ಸಿನ ಮಾತು ಸುಳ್ಳು, ಅದೂ ನಿಜ. ಎಲ್ಲಿ ನೋಡಿದೆ ಅಂತ ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೆ."

"ಯಾರಿಗೆ?"

ಅವರು ಕಿಟಕಿಯಾಚೆ ನೋಡಿದರು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ತುಂಬಿಸುತ್ತಿದ್ದರು.

"ಅವರನ್ನ ಪೊಲೀಸರು ಕರ್ಕೊಂಡು ಹೋಗ್ತಾರೆ ಅಂದ್ರೆ ಮಾತು ಇಟ್ಕೊಂಡು ಏನು ಮಾಡಲಿ. ನಿಮ್ಮ ಮಾವನಿಗೇ ಮಾತು ಕೊಟ್ಟಿದ್ದಮ್ಮ. ನೋಡಿದ್ದು ನಿಮ್ಮ ಮನೇಲೇ."

ಗನ್ನಡಿ ಎದ್ದು ನಿಂತಳು. ಸುಳ್ಳು ಹೇಳುತ್ತಿದ್ದೀರಿ ಎಂದಳು.

ಅವರು ಸಿಟ್ಟಾಗಲಿಲ್ಲ. ಆರು ವಾರದ ಹಿಂದೆ, ಒಂದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಎಂದರು. ಹಿಂದಿನ ಕೋಣೆ, ಕಿಟಕಿಗೆ ಕಂಬಳಿ ಕಟ್ಟಿತ್ತು. ಮುಚ್ಚಳಕ್ಕೆ ಹಗ್ಗ ಸುತ್ತಿದ್ದ ಹೊಲಿಗೆ ಯಂತ್ರದ ಮೇಲೆ, ಕೈಯಿಂದ ತಿರುಗಿಸಿ ನೋಡುವ ಸಣ್ಣ ಯಂತ್ರ ಇಟ್ಟಿದ್ದರು. ಅದಕ್ಕೆ ಶಬ್ದವಿರಲಿಲ್ಲ. ಮಾವ ಪಕ್ಕದಲ್ಲಿ ಕೂತು, ತೆರೆಯ ಮೇಲೆ ಹೆಜ್ಜೆ ಬಿದ್ದಾಗಲೆಲ್ಲ ಬೆರಳ ಗೆಣ್ಣಿನಿಂದ ಮರದ ಮೇಲೆ ತಟ್ಟಿ ಸದ್ದು ಮಾಡಿ ತೋರಿಸಿದನಂತೆ.

ಹೊಲಿಗೆ ಯಂತ್ರದ ಮುಚ್ಚಳಕ್ಕೆ ಹಗ್ಗ ಸುತ್ತಿದವಳು ಗನ್ನಡಿಯೇ. ಅವಳು ಮತ್ತೆ ಕುರ್ಚಿಯಲ್ಲಿ ಕೂತಳು.

ನಿನ್ನಾಣೆ ಎಂದಿದ್ದ. ಬೇರೆ ಯಾರ ಮೇಲಾದರೂ ಆಣೆ ಇಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವನ ಹೆಸರು ಉಳಿಸಲು ಊರೆಲ್ಲ ಸುತ್ತಿ ಕೊನೆಗೆ ಅವನ ಮೇಲೇ ಸಾಕ್ಷಿ ಹುಡುಕಿ ತಂದಂತಾಯಿತು. ಕಣ್ಣು ತುಂಬಿಬಂತು, ಸಿಟ್ಟಿಗೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ.

"ಯಾಕಂತೆ?" ಎಂದಳು.

"ಅವರೇ ನನ್ನ ಹುಡುಕ್ಕೊಂಡು ಬಂದ್ರು. ಆರು ರೀಲು ಕೊಡ್ತೀನಿ, ಐದನೇದು ಕೊಡೋಕಾಗಲ್ಲ, ಆದ್ರೆ ಅದನ್ನ ನೋಡದೆ ನೀವು ಬರೆದ್ರೆ ಆ ಸಿನಿಮಾಕ್ಕೆ ಅನ್ಯಾಯ ಆಗುತ್ತೆ ಅಂದ್ರು. ಆವತ್ತು ನೋಡ್ತಾ ನೋಡ್ತಾ ಎರಡನೇ ನಕ್ಷತ್ರ ಬಂತು. ನಕ್ಷತ್ರ ಅಂದ್ಕೊಂಡಿದ್ನಲ್ಲ, ಅದು. ಅಲ್ಲಿಗೆ ಹಿಡಿ ತಿರುಗಿಸೋದು ನಿಲ್ಲಿಸಿಬಿಟ್ರು. ರೀಲಲ್ಲಿ ಇನ್ನೂ ಒಂದು ಬೆರಳು ದಪ್ಪ ಫಿಲ್ಮು ಉಳಿದಿತ್ತು. ಬೇರೆ ಯಾವುದೋ ತುಂಡು, ಆಮೇಲೆ ಅಂಟಿಸಿದ್ದು. ಅದೇನು ಅಂತ ಕೇಳಿದೆ."

"ಏನಂದ?"

"ಇದನ್ನ ನಮ್ಮ ಪುಟ್ಟಿ ನೋಡಬಾರದು ಅಂದ್ರು. ಈ ರೀಲು ಅಲ್ಲಿಗೆ ಹೋದ್ರೆ ಮೊದಲು ಬಿಚ್ಚಿ ನೋಡೋಳು ಅವಳೇ ಅಂದ್ರು."

ಗನ್ನಡಿಗೆ ಒಂದು ವಿಷಯ ಮಾತ್ರ ಥಟ್ಟನೆ ಅರ್ಥವಾಯಿತು. ಎರಡನೇ ಗುರುತು ಬೀಳುತ್ತಲೇ ಚಿತ್ರ ಇನ್ನೊಂದು ಯಂತ್ರಕ್ಕೆ ದಾಟಿಬಿಡುತ್ತದೆ. ಅದರ ಆಚೆ ಇರುವ ಫಿಲ್ಮು ತೆರೆಗೆ ಬೀಳುವುದೇ ಇಲ್ಲ. ಸಾವಿರ ಜನರ ಮುಂದೆ ನೂರು ಸಲ ಓಡಿಸಿದರೂ ಅದನ್ನು ಯಾರೂ ಕಾಣರು. ಏನನ್ನಾದರೂ ಬಚ್ಚಿಡಬೇಕೆಂದರೆ ಒಬ್ಬ ಆಪರೇಟರನಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು.

ಮೆಟ್ಟಿಲ ಬಳಿ ಬಂದು ಮನೆಗೆ ಫೋನು ಮಾಡಿದಳು. ನಾಲ್ಕೂ ಹತ್ತಾಗಿತ್ತು. ಮಾವ ಬಹಳ ಹೊತ್ತಿನ ಮೇಲೆ ಎತ್ತಿದ.

ಎಲ್ಲಿದ್ದೇನೆಂದು ಹೇಳಿದಳು, ಏನು ಕೇಳಿದೆನೆಂದು ಹೇಳಿದಳು. ಆಣೆಯ ಮಾತು ಎತ್ತಲಿಲ್ಲ, ಎತ್ತಿದರೆ ಅತ್ತುಬಿಡುತ್ತಿದ್ದಳು.

"ಚೆನ್ನಾಗಿ ಬರ್ದಿದಾರಾ?" ಎಂದ ಮಾವ.

"ನಿನ್ನ ಸೂಜಿ ಗೀರಿಗೆ ಸಾಷ್ಟಾಂಗ ಹಾಕಬೇಕು ಅಂತ ಬರ್ದಿದಾರೆ."

ಮಾವ ಸಣ್ಣಗೆ ನಕ್ಕ, ನಗು ಕೆಮ್ಮಾಯಿತು. ಅದು ನಿಲ್ಲುವವರೆಗೆ ಅವಳು ಕಾದಳು. ಆಮೇಲೆ ದಾರಿಯಲ್ಲಿ ಯೋಚಿಸುವುದನ್ನು ನಿಂತಲ್ಲೇ ಯೋಚಿಸಿ ಹೇಳಿದಳು. ಬಾಲದ ತುಂಡನ್ನು ಕತ್ತರಿಸಿ ನೀನೇ ಇಟ್ಟುಕೋ, ಮಿಕ್ಕದ್ದನ್ನು ಕೊಡು. ಇಪ್ಪತ್ತು ನಿಮಿಷದಲ್ಲಿ ಬರುತ್ತೇನೆ, ಐದರೊಳಗೆ ಮುಟ್ಟಿಸುತ್ತೇನೆ. ಆ ತುಂಡಿನಲ್ಲಿ ಏನಿದೆ ಎಂದು ನಾನು ಸಾಯುವವರೆಗೂ ಕೇಳುವುದಿಲ್ಲ. ನಿನ್ನ ಹೆಸರು ಉಳಿದರೆ ಸಾಕು.

"ಕತ್ತರಿಸೋ ಹಾಗಿದ್ರೆ ಯಾವತ್ತೋ ಕತ್ತರಿಸಿ ಬಿಸಾಕ್ತಿದ್ದೆ," ಎಂದ ಮಾವ. ಆಮೇಲೆ ಕೇಳಿದ, "ದೂರಿಗೆ ಸಹಿ ಹಾಕೋದು ಯಾರು? ನಿಮ್ಮ ಅಧ್ಯಕ್ಷರೇನಾ?"

"ಹೌದು. ಅವರನ್ನ ಬೈಬೇಡ ಮಾವ. ಈ ಊರಿಗೆ ಬಂದು ಹನ್ನೆರಡೇ ವರ್ಷ ಆಯ್ತು ಅಂತಾರೆ ಅವರು, ನೀನು ಎಂಥೋನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

"ಹನ್ನೆರಡು ವರ್ಷ ಅಂದ್ರಾ?"

ಮಾವ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಬಾ, ತಗೊಂಡು ಹೋಗು. ಕತ್ತರಿಸಬೇಡ. ಅವರನ್ನ ಎದುರಿಗೆ ಕೂರಿಸಿಕೊಂಡೇ ಕೊನೇವರೆಗೂ ಓಡಿಸು."

"ಅದರಲ್ಲಿ ಏನಿದೆ, ಮಾವ?"

"ನಿಮ್ಮಮ್ಮ ಇದಾಳೆ."

ಗನ್ನಡಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಅವಳು ಮೂರು ವರ್ಷದವಳಾಗಿದ್ದಾಗ ಜ್ವರ ಬಂದು ತೀರಿಹೋದ ಅಮ್ಮ. ಒಂದು ಫೋಟೋ ಕೂಡ ಉಳಿದಿಲ್ಲ ಎಂದು ಇದೇ ಮಾವ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಮುಖ ಹೇಗಿತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಅವಳಿಗೆ ಜ್ವರ ಬಂದಿರಲಿಲ್ಲ ಪುಟ್ಟಿ," ಎಂದ ಮಾವ. "ಆ ತುಂಡನ್ನ ಕ್ಯಾಮೆರಾದಲ್ಲಿ ತೆಗೆದದ್ದು ಇದೇ ಊರಲ್ಲಿ, ಅವಳು ಸತ್ತ ದಿನ. ಅವಳ ಪಕ್ಕದಲ್ಲಿ ಕೈ ಹಿಡ್ಕೊಂಡು ನಿಂತಿರೋದು ನಿಮ್ಮ ಅಧ್ಯಕ್ಷರು."